ಎರಡನೇ ನಿರ್ಗಮನ

ನಮ್ಮಣ್ಣನ ಹೆಣ ಮೈಸೂರಿಂದ ಊರಿಗೆ ತಂದಿದ್ದು ನನ್ನ ವ್ಯಾನಲ್ಲೇ. ಅಣ್ಣ ಅಂದ್ರೆ ನಮ್ಮ ದೊಡ್ಡವ್ವನ ಮಗ. ಮೈಸೂರಲ್ಲಿ ಬಿಲ್ಡಿಂಗಿಗೆ ಬಣ್ಣ ಹೊಡಿಯೋ ಕೆಲಸ ಮಾಡ್ತಿದ್ದ. ಮೇಲಿಂದ ಬಿದ್ದ. ಆಸ್ಪತ್ರೆಗೆ ಸೇರಿಸಿದ ದಿನವೇ ಹೋಗ್ಬಿಟ್ಟ. ಮಾರನೇ ದಿನ ಪೋಸ್ಟ್‌ಮಾರ್ಟಮ್ ಎಲ್ಲಾ ಮುಗಿದು ನಮ್ಮ ಕೈಗೆ ಕೊಡೋವಾಗ ಮಧ್ಯಾಹ್ನ ದಾಟಿತ್ತು. ಆಂಬುಲೆನ್ಸ್ ಮಾಡಣ ಅಂದೆ. ದೊಡ್ಡವ್ವ ಒಪ್ಪಲಿಲ್ಲ.

"ಗುರ್ತಿಲ್ದೋನ ಗಾಡಿ ಯಾಕ್ಲಾ? ನಿನ್ ಗಾಡಿ ಅಂದ್ರೆ ಅವ್ನಿಗೆ ಗುರ್ತು" ಅಂದ್ಲು.

ಅದು ನಾನು ಹೊಗೆಸೊಪ್ಪು ಮುರಿಯೋ ಹೆಣ್ಣಾಳುಗಳನ್ನ ಹೊಲಕ್ಕೆ ಬಿಡೋ ವ್ಯಾನು. ಹಿಂದಿನ ಸೀಟು ಬಿಚ್ಚಿ ಚಾಪೆ ಹಾಸಿ ಮಲಗಿಸಿದ್ವಿ. ದೊಡ್ಡವ್ವ ಅವನ ತಲೆ ಹತ್ರ ಕೂತ್ಲು. ಮುಂದೆ ನನ್ನ ಪಕ್ಕ ಭಾವ ಕೂತ. ಭಾವ ಅಂದ್ರೆ ಸತ್ತೋನ ತಂಗಿ ಗಂಡ, ದೊಡ್ಡವ್ವಂಗೆ ಅಳಿಯ.

ನಮ್ಮೂರು ಬೆಟ್ಟದಪುರಕ್ಕೂ ರಾವಂದೂರಿಗೂ ಮಧ್ಯ. ಹುಣಸೂರಿನ ತನಕ ನಾನು ಕಣ್ಣು ಮುಚ್ಕೊಂಡು ಗಾಡಿ ಓಡಿಸ್ತೀನಿ. ಮೈಸೂರಿಗೆ ಮಾತ್ರ ಹೋಗಿದ್ದೆಲ್ಲ ಬಸ್ಸಲ್ಲೇ. ಬಸ್ಸಲ್ಲಿ ಕೂತೋನಿಗೆ ಸ್ಟಾಪ್ ಗೊತ್ತಿರುತ್ತೆ, ದಾರಿ ಗೊತ್ತಿರಲ್ಲ. ಬೆಳಿಗ್ಗೆ ಬರೋವಾಗ ರೋಡ್ ಖಾಲಿ ಇತ್ತು, ಅವರಿವರನ್ನ ಕೇಳ್ಕೊಂಡು ಬಂದಿದ್ವಿ. ಹೊರಡೋ ಹೊತ್ತಿಗೆ ಪೇಟೆಯೆಲ್ಲಾ ಗಿಜಿಗಿಜಿ. ಹೆಣ ಇಟ್ಕೊಂಡು ಯಾರನ್ನ ಅಂತ ನಿಲ್ಸಿ ಕೇಳೋದು? ಭಾವ ಫೋನಲ್ಲಿ ಮ್ಯಾಪ್ ಹಾಕ್ದ. ಅದು ಕನ್ನಡದಲ್ಲೇ ಮಾತಾಡ್ತು. "ಮುಂದೆ ಎಡಕ್ಕೆ ತಿರುಗಿ" ಅಂತು.

ನಾನು ಎಡಕ್ಕೆ ತಿರುಗಿಸಿದೆ. ಹಿಂದಿಂದ ದೊಡ್ಡವ್ವ ಮೆತ್ತಗೆ, "ಎಡಕ್ಕೆ ತಿರುಗ್ತಾ ಇದೀವಿ ಕಣಪ್ಪ, ಬಾ" ಅಂದ್ಲು.

ಮೊದಲು ನಂಗೆ ಹೇಳ್ತಾಳೆ ಅನ್ಕೊಂಡೆ. ಆಮೇಲೆ ಗೊತ್ತಾಯ್ತು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಐತೆ. ಯಾರಾದ್ರೂ ಊರಾಚೆ ಸತ್ರೆ, ಹೆಣ ತರೋವಾಗ ತಿರುವು ತಿರುವಿಗೂ ಅವ್ರಿಗೆ ದಾರಿ ಹೇಳ್ಕೊಂಡು ಬರ್ಬೇಕು. ಇಲ್ದಿದ್ರೆ ಮೈ ಮಾತ್ರ ಮನೆಗೆ ಬರುತ್ತೆ, ಜೀವ ಅಲ್ಲೇ ಎಲ್ಲೋ ಅಲೀತಾ ಉಳಿಯುತ್ತೆ ಅಂತಾರೆ. ಮುಂಚೆ ಎತ್ತಿನ ಗಾಡೀಲಿ ತರೋರು. ನಾಕು ತಿರುವು ಇರೋದು, ಹೇಳೋರು, ಮುಗೀತು. ಮೈಸೂರು ಪೇಟೇಲಿ ತಿರುವಿಗೆ ಲೆಕ್ಕ ಐತಾ?

ಆದ್ರೂ ದೊಡ್ಡವ್ವ ಒಂದೂ ಬಿಡಲಿಲ್ಲ. ಫೋನ್ ನಂಗೆ ಹೇಳೋದು, ಅವಳು ಮಗನಿಗೆ ಹೇಳೋಳು. "ನೆಟ್ಟಗೆ ಬಾ ಮಗ. ಬಲಕ್ಕೆ ಕಣಪ್ಪ. ಬಸ್ ಬತ್ತಾ ಅದೆ, ನೋಡ್ಕಂಡು ಬಾ."

ಭಾವಂಗೆ ರೇಗ್ತು. ಊರಿಂದ ಫೋನ್ ಮೇಲೆ ಫೋನ್ ಬರ್ತಿತ್ತು. ಗುಂಡಿ ತೆಗೆದಾಗಿದೆ, ಹೊತ್ತು ಮುಳುಗೋದ್ರೊಳಗೆ ಬನ್ನಿ ಅಂತ. ಪ್ರತಿ ಸಲ ಫೋನ್ ಬಂದಾಗ್ಲೂ ಮ್ಯಾಪಿನ ಬಾಯಿ ಮುಚ್ಚೋದು.

"ಅತ್ತೆ, ಸುಮ್ಕಿರಿ, ಇವ್ನಿಗೆ ಗಾಬ್ರಿ ಆಯ್ತದೆ" ಅಂದ.

"ನೀವು ಸುಮ್ಕಿರಿ. ನಿಮ್ ಮಗ ಅಲ್ವಲ್ಲ" ಅಂದ್ಲು. ಭಾವ ಕಿಟಕಿ ಕಡೆ ಮುಖ ತಿರುಗಿಸ್ದ.

ಒಂದು ದೊಡ್ಡ ಸರ್ಕಲ್ ಹತ್ರ ಬಂದ್ವಿ. ಸುತ್ತ ಆಟೋ, ಸ್ಕೂಟರು, ಸಿಟಿ ಬಸ್ಸು. ಫೋನ್ ಅಂತು, "ವೃತ್ತದಲ್ಲಿ ಎರಡನೇ ನಿರ್ಗಮನವನ್ನು ತೆಗೆದುಕೊಳ್ಳಿ."

"ಏನ್ಲಾ ಅಂಗಂದ್ರೆ?" ಅಂದ್ಲು ದೊಡ್ಡವ್ವ.

ನಾನು ಮೀಸೆ ಬಂದ್ಮೇಲೆ, ಲೈಸೆನ್ಸಿಗೆ ಬೇಕು ಅಂತ ಸ್ಕೂಲ್ ಪರೀಕ್ಷೆ ಕಟ್ಟಿ ಓದಿದೋನು. ನಿರ್ಗಮನ ಅಂದ್ರೆ ಹೊರಟು ಹೋಗೋದು ಅಂತ ಗೊತ್ತಿತ್ತು. ಅದನ್ನ ಅವಳ ಮುಂದೆ ಹೆಂಗೆ ಹೇಳ್ಲಿ? "ಸುತ್ತು ಹಾಕೋವಾಗ ಎರಡ್ನೇ ದಾರಿ ಹಿಡೀಬೇಕಂತೆ ದೊಡ್ಡವ್ವ" ಅಂದೆ.

"ಎರಡ್ನೇ ದಾರಿ ಹಿಡಿ ಮಗ, ಎರಡ್ನೇದು" ಅಂತ ಅವಳು ಅವನ ಕಿವಿ ಹತ್ರ ಬಗ್ಗಿ ಹೇಳಿದ್ಲು.

ನಾನು ಸುತ್ತು ಹಾಕ್ತಾ ಒಂದು ದಾಟಿ ಎರಡನೇದಕ್ಕೆ ತಿರುಗಿಸಕ್ಕೆ ಹೋದ್ರೆ ಅಲ್ಲಿ ಬ್ಯಾರಿಕೇಡ್ ಅಡ್ಡ ಇಟ್ಟವ್ರೆ. ಸಂದೀಲಿ ಸ್ಕೂಟರು ನುಗ್ತಾವೆ, ವ್ಯಾನ್ ಹಿಡಿಯಲ್ಲ. ಹಿಂದಿಂದ ಬಸ್ಸು ಹಾರನ್ ಹೊಡೆದು ಹೊಡೆದು ತಳ್ಕೊಂಡು ಬಂತು. ಮೂರನೇ ದಾರಿಗೆ ಬಿದ್ದೆ. ಅದೇ ಹೊತ್ತಿಗೆ ಊರಿಂದ ಫೋನು. ಮ್ಯಾಪ್ ಸುಮ್ಮನಾಯ್ತು.

ಸ್ವಲ್ಪ ದೂರ ಹೋದ್ಮೇಲೆ ದೊಡ್ಡವ್ವ ಕೇಳಿದ್ಲು, "ಇದು ಎರಡ್ನೇದಾ?"

"ಅಲ್ಲ. ಅದನ್ನ ಮುಚ್ಚವ್ರೆ. ಮೂರ್ನೇದಕ್ಕೆ ಬಂದ್ವಿ."

ಅವಳು ಒಂದೇ ಸಲಕ್ಕೆ ನನ್ನ ಭುಜ ಹಿಡ್ಕೊಂಡ್ಲು. "ಅಯ್ಯೋ, ನಾ ಎರಡ್ನೇದು ಅಂದ್ಬುಟ್ನಲ್ಲೋ! ಅವ್ನು ಅಲ್ಲೋದ. ವಾಪಸ್ ತಿರುಗ್ಸ್ಲಾ, ನಿನ್ ಕಾಲ್ಗೆ ಬೀಳ್ತೀನಿ."

ಭಾವ ಹಣೆ ಚಚ್ಕೊಂಡ. "ಜೀವ ಹೋದೋನಿಗೆ ಬ್ಯಾರಿಕೇಡ್ ಏನತ್ತೆ, ಒನ್‌ವೇ ಏನತ್ತೆ? ಅಲ್ಲಿ ಜನ ಕಾಯ್ತಾ ಅವ್ರೆ. ಮೈ ಕೆಡ್ತದೆ. ಸುಮ್ಕೆ ಓಡ್ಸ್ಲಾ ನೀನು."

ನಾನು ತಿರುಗಿಸಿದೆ. ಅವಳು ನನ್ನ ಭುಜ ಬಿಡಲೇ ಇಲ್ಲ, ಅದಕ್ಕೆ ತಿರುಗಿಸಿದೆ. ಮ್ಯಾಪ್ ಎಲ್ಲೆಲ್ಲೋ ಸುತ್ತಿಸಿ, ಜಾಮಲ್ಲಿ ನಿಲ್ಸಿ ನಿಲ್ಸಿ, ಕೊನೆಗೆ ಅದೇ ಸರ್ಕಲಿಗೆ ತಂದು ಬಿಡ್ತು. ಬ್ಯಾರಿಕೇಡ್ ಹತ್ರ ಒಂದು ಗಳಿಗೆ ನಿಲ್ಸಣ ಅಂದ್ರೆ ಪೊಲೀಸಪ್ಪ ಬಾನೆಟ್ ಮೇಲೆ ಗುದ್ದಿ "ತಗೀರಿ, ತಗೀರಿ" ಅಂದ. ದೊಡ್ಡವ್ವ ಕಿಟಕಿ ಆಚೆ ತಲೆ ಹಾಕಿ ಕೂಗಿದ್ಲು:

"ಎರಡ್ನೇದಲ್ಲ ಕಣಪ್ಪೋ! ಮೂರ್ನೇದು! ಮೂರ್ನೇದ್ರಲ್ಲಿ ಬಾ!"

ಪಕ್ಕದಲ್ಲಿ ಸ್ಕೂಟರಲ್ಲಿದ್ದ ಒಬ್ರು ಅವಳು ದಾರಿ ತಪ್ಪಿದಾಳೆ ಅನ್ಕೊಂಡ್ರು. "ಎಲ್ಲಿಗೋಗ್ಬೇಕಜ್ಜಿ?" ಅಂದ್ರು.

"ಬೆಟ್ಟದಪುರ್ದ ತಾವ್ಕೆ" ಅಂದ್ಲು.

"ಅಷ್ಟು ದೂರಾನಾ?" ಅಂತ ಅವ್ರು ವ್ಯಾನಿನೊಳಗೆ ಬಗ್ಗಿ ನೋಡಿದ್ರು. ಆಮೇಲೆ ಗಾಡಿ ಮುಂದೆ ಬಿಟ್ರು. ಹಾರನ್ನಿನ ಗದ್ದಲದಲ್ಲಿ ಅವಳು ಕೂಗಿದ್ದು ನಂಗೇ ಸರಿಯಾಗಿ ಕೇಳಲಿಲ್ಲ.

ಹುಣಸೂರು ರೋಡು ಸಿಕ್ಕಿದ್ಮೇಲೆ ಫೋನ್ ಆಫ್ ಮಾಡಿದ್ವಿ. ಹುಣಸೂರಲ್ಲಿ ತಿರುಗೋವಾಗ ದೊಡ್ಡವ್ವ ಮಗನಿಗೆ ದಾರಿ ಹೇಳಲಿಲ್ಲ. ಹೊತ್ತು ಮುಳುಗೋ ಹಂಗಿತ್ತು, ಗಡಿಬಿಡೀಲಿ ಮಣ್ಣು ಮಾಡಿದ್ವಿ.

ಹಾಲುತುಪ್ಪದ ದಿನ ಮಣ್ಣು ಮಾಡಿದ ಗುಡ್ಡೆ ಮೇಲೆ ಎಡೆ ಇಟ್ವಿ. ಅನ್ನ, ಕೋಳಿಸಾರು, ಅವನಿಗೆ ಇಷ್ಟ ಅಂತ ಬೋಂಡ. ಕಾಗೆ ಬರಲಿಲ್ಲ. ದೂರ ನಿಂತು ಕಾದ್ವಿ, ಕೂಗಿದ್ವಿ. ಬೇಲಿ ಮೇಲೆ ಕೂತಿದ್ದ ಒಂದೇ ಒಂದು ಕಾಗೆ ಹಾರಿ ಹೋಯ್ತು. ಭಾವ, "ಎಲ್ಲಾರ ಬ್ಯಾರನ್ನಲ್ಲೂ ಹೊಗೆಸೊಪ್ಪು ಬೇಯ್ತಾ ಅದೆ, ಈ ಹೊಗೇಲಿ ಕಾಗೆ ಎಲ್ಲಿಂದ ಬತ್ತದೆ ಬುಡಿ" ಅಂದ. ಕೊನೆಗೆ ಹಸುಗೆ ಇಟ್ಟು ಮನೆಗೆ ಬಂದ್ವಿ.

ದೊಡ್ಡವ್ವ ಊಟ ಮಾಡಲಿಲ್ಲ. ನನ್ನನ್ನ ಜಗಲಿ ಮೇಲೆ ಪಕ್ಕಕ್ಕೆ ಕೂರಿಸ್ಕೊಂಡ್ಲು.

"ಫೋನ್ ತಗಿ. ಆ ಎರಡ್ನೇ ದಾರಿ ಎಲ್ಲಿಗೋಯ್ತದೆ ನೋಡಿ ಹೇಳು."

ತೆಗೆದೆ. ಆ ಸರ್ಕಲ್ ಸಿಕ್ತು. ಎರಡನೇ ದಾರೀಲಿ ಸ್ವಲ್ಪ ಮುಂದೆ ಹೋಗಿ ಬಲಕ್ಕೆ ತಿರುಗಿದ್ರೆ ಹುಣಸೂರು ರೋಡಿಗೆ ಬರುತ್ತೆ. ಆದ್ರೆ ಆ ಬಲಕ್ಕೆ ತಿರುಗೋದನ್ನ ಅವನಿಗೆ ಯಾರೂ ಹೇಳಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. "ತಿರುಗ್ದೆ ನೆಟ್ಟಗೆ ಹೋದ್ರೆ?" ಅಂದ್ಲು.

"ಎಚ್.ಡಿ. ಕೋಟೆ ರೋಡು ಸಿಗುತ್ತೆ."

"ಆಮ್ಯಾಕೆ?"

"ಕೋಟೆ."

"ಆಮ್ಯಾಕೆ?"

"ಕಾಡು ದೊಡ್ಡವ್ವ. ಕಾಡು ದಾಟಿದ್ರೆ ಕೇರಳ."

ಅವಳು ಫೋನಿನ ಮೇಲೆ ಬೆರಳಿಟ್ಲು. ಬೆರಳು ತಾಗಿ ಮ್ಯಾಪ್ ಎಲ್ಲೋ ಸರಿದು ಹೋಯ್ತು. ನಾನು ಮತ್ತೆ ಎಳ್ಕೊಂಡು ಬಂದು ಸರಿ ಮಾಡಿ ತೋರಿಸಿದೆ.

"ಅಲ್ಲಿ ಯಾವ ಮಾತಾಡ್ತಾರೆ?"

"ಮಲಯಾಳ."

ಅವಳು ಸೆರಗಲ್ಲಿ ಫೋನಿನ ಗಾಜು ಒರೆಸಿ ನನ್ನ ಕೈಗೆ ಕೊಟ್ಲು.

"ಅವ್ನಿಗೆ ಬರಾಕಿಲ್ವಲ್ಲ" ಅಂದ್ಲು.