ಹಿಮಕ್ಕೆ ಕೊಟ್ಟ ಒಪ್ಪಿಗೆ

ಆ ಇಳಿಜಾರಿನ ಹಿಮ ಕುಸಿಯಬಹುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿಬನ್ನಿ ಎಂದೆ. ನಮ್ಮ ಚಾರಣ ಸಂಘದ ಮುಖ್ಯಸ್ಥರು ನನ್ನ ಆ ಮಾತನ್ನೇ ಹಿಡಿದು ಒಬ್ಬ ಹುಡುಗಿಯನ್ನು ಅದರ ಮೇಲೆ ನಡೆಸಿದರು. ಅವರು ನನಗೆ ಮಾಡಿದ ಅನ್ಯಾಯ, ನಾನು ಅವಳಿಗೆ ಮಾಡಿದ ಅನ್ಯಾಯ — ಎರಡನ್ನೂ ಬರೆಯುತ್ತಿದ್ದೇನೆ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲಾರೆ.

ನಿವೃತ್ತನಾಗಿ ಬೆಂಗಳೂರಿನ ವಿದ್ಯಾರಣ್ಯಪುರಕ್ಕೆ ಬರುವ ಮೊದಲು, ಹಿಮಾಲಯದ ರಸ್ತೆಗಳಲ್ಲಿ ಹಿಮ ತೆರವು ಮಾಡಿಸುವ ಎಂಜಿನಿಯರಾಗಿದ್ದೆ. ಸಡಿಲವಾದ ಹಳೆಯ ಹಿಮದ ಮೇಲೆ ಗಾಳಿಯು ಹೊಸ ಹಿಮವನ್ನು ತಂದು ಹಲಗೆಯಂತೆ ಪೇರಿಸಿದರೆ, ಒಂದು ಹೆಜ್ಜೆಯ ಭಾರಕ್ಕೆ ಇಡೀ ಹಲಗೆ ಜಾರಿ ಬರುತ್ತದೆ. ಯಶವಂತಪುರ ನಿಲ್ದಾಣದಲ್ಲಿ, ಚಳಿಗಾಲದ ಚಾರಣಕ್ಕೆ ಹೊರಟವರ ಚೀಲಗಳಿಗೆ ಕುಂಕುಮವಿಟ್ಟು, ಹರಸಲು ನನ್ನನ್ನು ಕರೆದರು. ನಾನು ಇದನ್ನೇ ಹೇಳತೊಡಗಿದೆ. ಮುಖ್ಯಸ್ಥರು ಎಲ್ಲರೆದುರು ನನ್ನ ಮಾತು ಕಡಿದರು: “ಹೊರಡೋ ಹೊತ್ತಲ್ಲಿ ಅಪಶಕುನ ನುಡೀಬೇಡಿ ಸಾರ್. ಒಳ್ಳೇ ಮಾತು ಬರಲ್ವಾ ನಿಮ್ಗೆ?” ಎಲ್ಲರೂ ನಕ್ಕರು. ಯಾರ ಹಲ್ಲು ಮೊದಲು ಕಂಡಿತು ಎಂಬುದೂ ನನಗೆ ನೆನಪಿದೆ.

ಕೆಲವು ದಿನಗಳ ಬಳಿಕ ಪಕ್ಕದ ಮನೆಯ ಗೌರಮ್ಮ ಮೊಬೈಲ್ ಹಿಡಿದು ಬಂದರು. ಆ ಚಾರಣಕ್ಕೆ ಹೋಗಿದ್ದ ಮಗಳು ಸಿಂಧು ಕ್ಯಾಂಪಿನಿಂದ ವಿಡಿಯೊ ಕರೆ ಮಾಡಿದ್ದಳು. ಅಲ್ಲಿ ಹಿಮ ಸುರಿದು, ಗಾಳಿ ಬೀಸಿ, ಆಗತಾನೇ ಬಿಸಿಲು ಬಿದ್ದಿತ್ತು. ಮರುದಿನ ಹತ್ತಬೇಕಿದ್ದ ಇಳಿಜಾರಿನ ಬುಡದಲ್ಲಿ ನಡೆಯುವಾಗ ಕಾಲಡಿಯ ಹಿಮ ‘ಧುಪ್’ ಎಂದು ಕುಗ್ಗಿ ಉದ್ದಕ್ಕೂ ಬಿರುಕು ಓಡಿತೆಂದು ಅವಳು ಖುಷಿಯಿಂದ ಹೇಳಿದಳು. ಹಲಗೆ ಜಾರಲು ಸಿದ್ಧವಾಗಿದೆ ಎಂಬುದರ ಗುರುತು ಅದು. ಬೆಟ್ಟ ಇದಕ್ಕಿಂತ ಸ್ಪಷ್ಟವಾಗಿ ಎಚ್ಚರಿಸುವುದಿಲ್ಲ.

“ನೀವು ಹೂಂ ಅಂದ್ರೆ ನಾಳೆ ಮೇಲಕ್ಕೆ ಹೋಗ್ಲಿ. ಇಲ್ಲಾಂದ್ರೆ ಬೇಡ ಅಣ್ಣಾ,” ಎಂದರು ಗೌರಮ್ಮ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪರದೆಯೊಳಗೆ ಮುಖ್ಯಸ್ಥರ ಮುಖ ತೂರಿತು. “ಏನ್ ಸಾರ್, ಇವತ್ತೂ ಅಪಶಕುನಾನಾ?” ಹಿಂದಿನಿಂದ ಮತ್ತೆ ನಗು.

ನಾನು — ಬೇಡ ಎನ್ನಲು ಒಂದು ಉಸಿರು ಸಾಕಿತ್ತು — “ಹೋಗಿಬನ್ನಿ, ಒಳ್ಳೇದಾಗ್ಲಿ,” ಎಂದೆ. ಆ ನಗು ನಿಲ್ಲಲಿ ಎಂದು. ಅಷ್ಟೇ ಅಲ್ಲ… ಹೋಗಿ ಒಮ್ಮೆ ಹೆದರಿ ಬರಲಿ, ಆಗ ನನ್ನ ಬೆಲೆ ತಿಳಿಯುತ್ತದೆ ಎಂದೂ — ಇದನ್ನು ಬರೆಯಲು ಕೈ ಏಳುತ್ತಿರಲಿಲ್ಲ, ಬರೆದಿದ್ದೇನೆ.

ಮರುದಿನ ಇಳಿಜಾರು ಕುಸಿಯಿತು. ಎದೆಮಟ್ಟ ಹೂತಿದ್ದ ಸಿಂಧುವನ್ನು ಅಗೆದು ತೆಗೆದರು. ತೊಡೆಯ ಮೂಳೆ ಮುರಿದಿತ್ತು. ಇಂದಿಗೂ ಕೋಲಿಲ್ಲದೆ ಜಕ್ಕೂರು ಕೆರೆಯ ಏರಿ ಹತ್ತಲಾರಳು. ಆಸ್ಪತ್ರೆಯಲ್ಲಿ ಅವಳೇ ನನಗೆ ತಿಳಿಸಿದಳು: ಆ ಬೆಳಿಗ್ಗೆ ಸ್ಥಳೀಯ ಮಾರ್ಗದರ್ಶಿ, ಇವತ್ತು ಬೇಡ ಎಂದು ಅಡ್ಡ ನಿಂತಿದ್ದನಂತೆ. ಹಿಮ ಬಲ್ಲ ಹಿರಿಯರೇ ಬೆಂಗಳೂರಿನಿಂದ ಒಪ್ಪಿದ್ದಾರೆ ಎಂದು ಮುಖ್ಯಸ್ಥರು ಅವನ ಬಾಯಿ ಮುಚ್ಚಿಸಿದರಂತೆ. ಎಚ್ಚರಿಸಿದಾಗ ನಾನು ಅಪಶಕುನ. ಒಪ್ಪಿದಾಗ ಹಿಮ ಬಲ್ಲ ಹಿರಿಯ.

ಗೌರಮ್ಮ ಮಾತ್ರ ಪ್ರತಿ ಹಬ್ಬಕ್ಕೂ ಒಬ್ಬಟ್ಟು ತಂದು, ನೀವು ಹರಸಿದ್ದಕ್ಕೇ ಮಗಳು ಉಳಿದಳು ಎನ್ನುತ್ತಿದ್ದರು. ನಾನು ತಿನ್ನುತ್ತಿದ್ದೆ. ಈ ಯುಗಾದಿಗೆ ತಿನ್ನಲಾಗಲಿಲ್ಲ — ತಾಯಿ ಮಗಳಿಬ್ಬರನ್ನೂ ಕೂರಿಸಿ ಎಲ್ಲವನ್ನೂ ಹೇಳಿದೆ. ಸಿಂಧು ತಲೆಯೆತ್ತಲಿಲ್ಲ. ಗೌರಮ್ಮ, “ಬೇಡ ಅಂತ ಒಂದ್ ಮಾತು ಅಂದಿದ್ರೆ ಸಾಕಿತ್ತಲ್ಲ ಅಣ್ಣಾ,” ಎಂದರು.

ಮುಖ್ಯಸ್ಥರೇ, ಬರುವ ಚಳಿಗಾಲಕ್ಕೂ ನೀವು ಅದೇ ಇಳಿಜಾರಿಗೆ ಜನರನ್ನು ಸೇರಿಸುತ್ತಿದ್ದೀರಿ. ಗೌರಮ್ಮನ ಮನೆಗೆ ಹೋಗಿ, ಎಲ್ಲ ದೈವೇಚ್ಛೆ ಎಂದು ಸಮಾಧಾನ ಹೇಳಿ ಬಂದಿದ್ದೀರಿ. ನನ್ನ ಹೇಡಿತನವನ್ನು ನಾನು ದೇವರ ತಲೆಗೆ ಕಟ್ಟಿಲ್ಲ. ಬೇಡವೆಂದು ನಿಮ್ಮೆದುರೇ ನಿಂತಿದ್ದ ಆ ಮಾರ್ಗದರ್ಶಿಯನ್ನು ಪಕ್ಕಕ್ಕೆ ಸರಿಸಿ ಸಿಂಧುವನ್ನು ಮುಂದೆ ಬಿಟ್ಟದ್ದು ಯಾರ ಇಚ್ಛೆ?