ಬಹುಮುಖ ಪ್ರತಿಭೆಯ ಪರಿಚಯ ಭಾಷಣ

ಗಲ್ಫಿನ ಬಿನ್ ಒಮ್ರಾನ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಜರ್ಮನ್ ಲೇಖಕರು ಬರೆಯದೆ ಬಿಟ್ಟದ್ದು ಏನೂ ಇರಲಿಲ್ಲ. ಕಾದಂಬರಿ, ನಾಟಕ, ಕವನ, ಅಡುಗೆ ಪುಸ್ತಕ ಎಲ್ಲವೂ ಆಗಿತ್ತು. ಲಿಫ್ಟು ಕೆಟ್ಟಿದೆ ಎಂದರೂ ಕನ್ನಡಕವನ್ನು ಹಣೆಗೇರಿಸಿ, "ಅದರ ಬಗ್ಗೆಯೂ ನನ್ನದೊಂದು ಪುಸ್ತಕವಿದೆ" ಎನ್ನುತ್ತಿದ್ದರು. ಅದನ್ನು ಕೇಳುವುದಕ್ಕಿಂತ ಮೆಟ್ಟಿಲು ಹತ್ತುವುದೇ ವಾಸಿಯಾಗಿತ್ತು.

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಅವರನ್ನೇ ಮುಖ್ಯ ಅತಿಥಿಯಾಗಿ ಕರೆದೆವು. ಹೊಸದಾಗಿ ಬರೆದ ಮರುಭೂಮಿಯ ಕವನವನ್ನು ಅಲ್ಲಿ ಓದಬೇಕೆಂದು ಅವರು ವಾರವಿಡೀ ಬಾಲ್ಕನಿಯಲ್ಲಿ ಅಭ್ಯಾಸ ಮಾಡಿದರು. ಜೊತೆಗೆ, ತಮ್ಮ ಸಾಧನೆಗಳಲ್ಲಿ ಒಂದನ್ನೂ ಬಿಡದೆ ಪರಿಚಯಿಸಬೇಕೆಂದು ಕಾರ್ಯದರ್ಶಿ ಶೆಟ್ಟರಿಗೆ ತಾಕೀತು ಮಾಡಿದರು.

ಶೆಟ್ಟರು ಬಿಡುವವರಲ್ಲ. ಜನ್ಮಸ್ಥಳದಿಂದಲೇ ಇಂಗ್ಲಿಷಿನಲ್ಲಿ ಶುರು ಮಾಡಿದರು. ಪ್ರತಿ ಕೃತಿಯ ಹೆಸರಿಗೂ ಲೇಖಕರು ಎದ್ದು ಕೈಮುಗಿದರು. ಪಟ್ಟಿಯಲ್ಲಿ ಒಂದು ಪ್ರಶಸ್ತಿ ಬಿಟ್ಟುಹೋದಾಗ ತಾವೇ ನೆನಪಿಸಿದರು.

"ಇದೆಂತ ಮಾರಾಯ್ರೆ, ಇವರು ಹುಟ್ಟಿದ್ದಷ್ಟೇ ಆಯ್ತು, ಇನ್ನು ಶಾಲೆಗೆ ಹೋಗ್ಲಿಕ್ಕೆ ಉಂಟು!" ಎಂದು ಜನ್ಮಸ್ಥಳದ ವರ್ಣನೆಯ ಹೊತ್ತಿಗೇ ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದರು. ಸಭಾಂಗಣದ ಅವಧಿ ಮುಗಿಯುತ್ತಿದೆ ಎಂದು ನಾನು ಚೀಟಿ ಕಳಿಸಿದೆ. ಶೆಟ್ಟರು ಅದನ್ನು ನೀರಿನ ಲೋಟದ ಕೆಳಗಿಟ್ಟು ಅಡುಗೆ ಪುಸ್ತಕಕ್ಕೆ ಬಂದರು.

ಕೊನೆಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವಷ್ಟರಲ್ಲಿ ಕಾವಲುಗಾರ ಬಾಗಿಲಲ್ಲಿ ನಿಂತು, "ಯಲ್ಲಾ, ಖಲಾಸ್!" ಎಂದು ಅರಬಿಯಲ್ಲಿ ಎಲ್ಲರನ್ನೂ ಹೊರಡಿಸುತ್ತಾ ದೀಪ ಆರಿಸತೊಡಗಿದ.

ಅತಿಥಿಗಳು ಒಂದು ಕೈಯಲ್ಲಿ ಬುಟ್ಟಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಹಾಳೆ ಎತ್ತಿ ತೋರಿಸಿದರು. "ನನ್ನ ಕವನ?"

ಶೆಟ್ಟರು ಬೆವರೊರೆಸಿಕೊಂಡು ಸಂತೃಪ್ತಿಯಿಂದ ಹೇಳಿದರು: "ಇನ್ನು ಕವನ ಎಂತಕ್ಕೆ ಸಾರ್? ನೀವು ಎಷ್ಟು ದೊಡ್ಡ ಕವಿ ಅಂತ ನಾನು ಹೇಳಿ ಆಯ್ತಲ್ಲ!"