ಕಾಯಿಲ್ ವಾಲಿದೆ ಎಂದವರು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಆ ಬೋಳು ಬೆರಳನ್ನು ವೆಲ್ಡಿಂಗಿನ ಗೆರೆಯ ಮೇಲೆ ಎಳೆದು, ಕಣ್ಣು ಮುಚ್ಚಿ, "ಇಲ್ಲಿ ಒಂಚೂರು ಉಬ್ಬೈತಿ" ಅನ್ನುತ್ತಿದ್ದರು. ಅಳೆದು ನೋಡಿದರೆ ಉಬ್ಬಿರುತ್ತಿತ್ತು.

ಕಲಬುರಗಿ ಕಡೆಯವರು; ಅಂಬರನಾಥದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಫಿಟ್ಟರ್. ನವಿ ಮುಂಬೈಯಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದ ಲ್ಯಾಬಿಗೆ, ಬಳೆಯಾಕಾರದ ಪ್ಲಾಸ್ಮಾ ಯಂತ್ರವನ್ನು ಜೋಡಿಸಿಕೊಡಲು ಬಂದಿದ್ದರು. ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಉಡುಪಿಯವರ ಮಗಳು. ನನಗೆ ಕನ್ನಡ ಬರುತ್ತದೆಂದು ಗೊತ್ತಾದ ದಿನವೇ ನಾನು ಅವರಿಗೆ ತಂಗಿಯಾದೆ, ಅವರು ನನಗೆ ಕಾಕಾ ಆದರು.

"ಇದರಾಗ ಏನ್ ತುಂಬ್ತೀರಿ ತಂಗಿ?" ಎಂದು ಕೇಳಿದ್ದರು.

ಭಯಂಕರ ಬಿಸಿಯ ಅನಿಲ. ಗೋಡೆಗೆ ತಾಗಿದರೆ ಆರಿಹೋಗುತ್ತದೆ. ಸುತ್ತಲಿನ ತಂತಿಸುರುಳಿಯ ಕಾಯಿಲ್‌ಗಳ ಕಾಂತಬಲದಿಂದ ನಡುವೆಯೇ ಹಿಡಿದಿಡಬೇಕು ಎಂದೆ.

"ಹಂಗಾರ ಕಾಯಿಲ್ ಕೂಡ್ಸೋದ್ರಾಗ ತಪ್ಪಿದ್ರ ಎಲ್ಲಾ ಹೋತು" ಅಂದರು.

ಕೆಲಸ ಮುಗಿಯುವ ದಿನ ನನ್ನ ಗೈಡ್ ಹೊರಗಿನ ಇಬ್ಬರು ಪ್ರೊಫೆಸರುಗಳನ್ನು ಕರೆತಂದಿದ್ದರು. ಕಾಕಾ ದಾರಕ್ಕೊಂದು ನಟ್ಟು ಕಟ್ಟಿ, ನೆಟ್ಟಗಿದೆಯೇ ಎಂದು ನೋಡಲು ಒಂದು ಕಾಯಿಲ್ ಪಕ್ಕ ಇಳಿಬಿಟ್ಟರು. ದೊಡ್ಡವರೆದುರು ಅವರ ಹಿಂದಿ ತಡವರಿಸುತ್ತಿತ್ತು. ಅದಕ್ಕೇ ನನಗೆ ಹೇಳಿದರು: "ತಂಗಿ, ಈ ಕಾಯಿಲ್ ವಾಲೈತಿ. ಅರ್ಧ ದಿನ ಕೊಟ್ರ ಬಿಚ್ಚಿ ಕೂಡಿಸ್ತೀನಿ. ಸಾಹೇಬರಿಗೆ ಹೇಳು."

"ಕ್ಯಾ ಬೋಲ್ ರಹಾ ಹೈ?" ಏನು ಹೇಳುತ್ತಿದ್ದಾನೆ ಎಂದು ಗೈಡ್ ಕೇಳಿದರು.

ದಾರ, ನಟ್ಟಿನ ಆ ಅಳತೆಯನ್ನು ಪ್ರೊಫೆಸರುಗಳ ಮುಂದೆ ಹೇಳಲು ನನಗೆ ನಾಚಿಕೆಯಾಯಿತು. "ಕುಛ್ ನಹೀಂ ಸರ್, ಛುಟ್ಟಿ ಮಾಂಗ್ ರಹಾ ಹೈ" ಅಂದುಬಿಟ್ಟೆ. ರಜೆ ಕೇಳುತ್ತಿದ್ದಾನೆ ಎಂದು, ಅದೂ ಏಕವಚನದಲ್ಲಿ. ಮುಂಬೈಯಲ್ಲಿ ಇಷ್ಟು ವರ್ಷ ದುಡಿದವರಿಗೆ ಅಷ್ಟು ಹಿಂದಿ ಅರ್ಥವಾಗದೇ? ನನ್ನನ್ನೊಮ್ಮೆ ನೋಡಿ, ದಾರ ಸುತ್ತಿ ಜೇಬಿಗಿಟ್ಟುಕೊಂಡರು.

ಮುಂದೆ ಎರಡು ವರ್ಷ ನಮ್ಮ ಪ್ಲಾಸ್ಮಾ ಹೆಚ್ಚು ಹೊತ್ತು ನಿಲ್ಲದೆ ಆರಿಹೋಗುತ್ತಿತ್ತು. ಅದರೊಳಗೇ ಏಳುವ ಸುಳಿಗಳು ಬಿಸಿಯನ್ನು ಹೊರಗೆ ಒಯ್ಯುತ್ತಿವೆ ಎಂದು ನಾನು ಲೆಕ್ಕ ಹಾಕಿ ತೋರಿಸಿದೆ. ಇಂಥ ಎಲ್ಲ ಯಂತ್ರಗಳಲ್ಲೂ ಆ ಸುಳಿಗಳಿರುತ್ತವೆ; ಹಾಗಾಗಿ ಎಲ್ಲರೂ ನಂಬಿದರು. ಕಾಯಿಲಿನ ನೆನಪು ಬಂದಾಗಲೆಲ್ಲ ಬಾಯಿ ಬಿಡಲು ಧೈರ್ಯವಾಗಲಿಲ್ಲ. ಕೊನೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಾಂತಕ್ಷೇತ್ರವನ್ನು ಅಳೆದಾಗ ಒಂದು ಕಡೆ ಸೊಟ್ಟಗಿತ್ತು. ಅದೇ ಕಾಯಿಲ್. ನೇರಮಾಡಿದ ಮೇಲೆ ಸುಳಿಗಳು ಇದ್ದೇ ಇದ್ದವು, ಆದರೂ ಪ್ಲಾಸ್ಮಾ ಮೊದಲಿಗಿಂತ ಎಷ್ಟೋ ಹೆಚ್ಚು ಹೊತ್ತು ನಿಂತಿತು.

"ಜೋಡಿಸುವಾಗ ಯಾರ ಕಣ್ಣಿಗೂ ಬೀಳಲಿಲ್ಲವೇ?" ಎಂದು ಗೈಡ್ ಕೇಳಿದರು.

ಆ ವಾರವೇ ಕ್ಷಮೆ ಕೇಳಲೆಂದು ಅಂಬರನಾಥಕ್ಕೆ ಹೋದೆ. ಕಾಕಾ ಮಳೆಗಾಲದಲ್ಲೇ ತೀರಿಕೊಂಡಿದ್ದರು, ಎದೆನೋವಿನಿಂದ. ಅಲ್ಲಿದ್ದ, ಅವರ ಊರಿನವನೇ ಆದ ವೆಲ್ಡರ್ ನನ್ನ ಕನ್ನಡ ಕೇಳಿಯೇ ಗುರುತು ಹಿಡಿದ. "ಲ್ಯಾಬಿನ ಮೇಡಮ್ಮಾರಲ್ರೀ? ನಿಮ್ಮನ್ನ ಭಾಳ ನೆನಸ್ತಿದ್ರು. ಕಾಯಿಲ್ ವಾಲಿದ್ದು ಹೇಳಿದ್ರಂತ. 'ಪಾಪ, ಆಕಿ ಉಡುಪಿ ಕಡೀಕಿ, ನಮ್ಮ ಮಾತು ಆಕಿಗಿ ತಿಳೀಲಿಲ್ಲ' ಅಂತಿದ್ರು."

ತಿಳಿದಿತ್ತು ಎಂದು ಹೇಳಲು ನನ್ನಿಂದಾಗಲಿಲ್ಲ. ಅವನು ಸ್ಟೂಲು ಒರೆಸಿ ಕೂರಿಸಿದ, ಚಹಾ ತರಿಸಿದ. ಕುಡಿದು ಎದ್ದು ಬಂದೆ.